ಜಿಮ್ ರೀವ್ಸ್ ಹಾಡುಗಳ ಟ್ರಿಬ್ಯೂಟ್ ಆಲ್ಬಂ ಮಾಡಹೊರಟವರಿಗೆ

ಪ್ರಶ್ನೆ: ನಾನು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ ಬೆಳೆದವನು. ಈಗ ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ. ಗಣಿಯಲ್ಲಿ ಕೆಲಸಕ್ಕಿದ್ದ ನಮ್ಮ ತಂದೆಯವರು ಭಾನುವಾರ ಬಂದರೆ ಅಮೆರಿಕದ ಹಳ್ಳಿಗಾಡಿನ ಮೂಲದ ‘ಕಂಟ್ರಿ’ ಸಂಗೀತದ ಗಾಯಕ ಜಿಮ್ ರೀವ್ಸ್ ಅವರ ರೆಕಾರ್ಡು ಹಾಕದೆ ಇರುತ್ತಿರಲಿಲ್ಲ. ಇಲ್ಲಿ ನಾವು ಐವರು ಗೆಳೆಯರು ವಾರಾಂತ್ಯದಲ್ಲಿ ಸೇರಿ ಹಾಡಿ ನುಡಿಸುತ್ತೇವೆ. ರೀವ್ಸ್ ಅವರ ಹನ್ನೆರಡು ಹಾಡುಗಳ ಒಂದು ಟ್ರಿಬ್ಯೂಟ್ ಆಲ್ಬಂ, ಅಂದರೆ ಗೀತನಮನ, ಮಾಡಬೇಕೆಂಬ ಆಸೆ. ನಾವು ಅವರಂತೆಯೇ ಹಾಡಬೇಕೆ? ಅನುಮತಿಯನ್ನು ಯಾರಿಂದ ಪಡೆಯಬೇಕು? ಒಂದೆರಡು ಹಾಡುಗಳನ್ನು ಕನ್ನಡಕ್ಕೆ ತರಬಹುದೆ? ಎಐ ಬಳಸಿ ಅವರ ಧ್ವನಿಯ ಜೊತೆಗೇ ಒಂದು ಯುಗಳ ಗೀತೆ ಮಾಡೋಣ ಎಂದು ಗೆಳೆಯನೊಬ್ಬ ಹೇಳುತ್ತಾನೆ, ಅದು ಸರಿಯೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕಂಡುಕೊಂಡರೆ ಉಳಿದ ಮೂರರ ತೊಡಕು ಅರ್ಧ ಬಿಡಿಸಿದಂತೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಅವರಂತೆ ಹಾಡಬೇಡಿ. ಬಹಳ ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ನಾನು ರೆಕಾರ್ಡಿಸ್ಟ್ ಆಗಿದ್ದಾಗ, ಹಿರಿಯ ಗಾಯಕರೊಬ್ಬರಿಗೆ ಗೀತನಮನ ಸಲ್ಲಿಸುವ ಕ್ಯಾಸೆಟ್ಟೊಂದನ್ನು ತಯಾರಿಸಿದೆವು. ಮೂಲದ ಶ್ರುತಿ, ಮೂಲದ ವಾದ್ಯಗಳು, ಮೂಲದ ಸಂಗತಿಗಳು ಯಾವುದನ್ನೂ ಕದಲಿಸಬಾರದೆಂದು ಹಟ ಹಿಡಿದವನು ನಾನೇ. ಹಾಡಿದ ಹುಡುಗನಿಗೆ ಮಂದ್ರದ ಸ್ವರಗಳು ನಿಲುಕದೆ ಬರೀ ಉಸಿರು ಕೇಳಿಸಿತು. ಮಿಕ್ಸಿಂಗ್‌ನಲ್ಲಿ ಎಷ್ಟು ಎತ್ತಿದರೂ ಆ ಜಾಗ ತುಂಬಲಿಲ್ಲ. ಕ್ಯಾಸೆಟ್ಟು ಕೇಳಿದ ಒಬ್ಬರು, ‘ಚೆನ್ನಾಗಿದೆ, ಆದರೆ ಮೂಲದ್ದೇ ಮನೆಯಲ್ಲಿದೆಯಲ್ಲ’ ಎಂದು ಹೇಳಿ ಹಿಂದಿರುಗಿಸಿದರು. ಅನುಕರಣೆಗೆ ಇದಕ್ಕಿಂತ ಚಿಕ್ಕ ವಿಮರ್ಶೆಯನ್ನು ನಾನು ಆಮೇಲೂ ಕೇಳಿಲ್ಲ.

ಹಾಗಾದರೆ ರೀವ್ಸ್ ಅವರಿಂದ ಯಾವುದನ್ನು ತೆಗೆದುಕೊಳ್ಳಬೇಕು? ನನ್ನ ಮಟ್ಟಿಗೆ, ಅವರ ಬಾಯಿಗೂ ಮೈಕಿಗೂ ನಡುವೆ ಇದ್ದ ಅಂತರವನ್ನು. ಇದು ಒಗಟಿನಂತೆ ಕಾಣಬಹುದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1923ರಲ್ಲಿ ಪೂರ್ವ ಟೆಕ್ಸಾಸ್‌ನ ಗ್ಯಾಲೊವೇ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ರೀವ್ಸ್, ಗಾಯಕರಾಗಿ ಹೆಸರು ಮಾಡುವ ಮೊದಲು ಬೇಸ್‌ಬಾಲ್ ಆಟಗಾರರಾಗಿದ್ದರು, ಅನಂತರ ರೇಡಿಯೋ ಉದ್ಘೋಷಕರಾದರು. ಲೂಸಿಯಾನಾದ ಶ್ರೀವ್‌ಪೋರ್ಟ್‌ನ ಕೆಡಬ್ಲ್ಯೂಕೆಎಚ್ ಬಾನುಲಿಯಲ್ಲಿ ಅವರ ಧ್ವನಿ ಕೇಳಿಬರುತ್ತಿತ್ತು. ಪದಗಳ ಕೊನೆಯ ವ್ಯಂಜನವನ್ನೂ ನುಂಗದೆ ಬಿಡಿಬಿಡಿಯಾಗಿ ನುಡಿಯುವ ಅಭ್ಯಾಸ ಅವರ ಹಾಡಿಗೆ ಬಂದದ್ದರಲ್ಲಿ ಆ ಕೆಲಸದ ಪಾಲೂ ಇದೆ. ಇಂಗ್ಲಿಷನ್ನು ಶಾಲೆಯಲ್ಲಷ್ಟೇ ಕಲಿತವರಿಗೂ ಅವರ ಹಾಡು ಸಲೀಸಾಗಿ ತಿಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

1953ರಲ್ಲಿ ಅವರಿಗೆ ಮೊದಲ ದೊಡ್ಡ ಯಶಸ್ಸು ತಂದ ‘ಮೆಕ್ಸಿಕನ್ ಜೋ’ ಹಾಡನ್ನೂ 1957ರ ‘ಫೋರ್ ವಾಲ್ಸ್’ ಹಾಡನ್ನೂ ಒಂದರ ಬೆನ್ನಿಗೆ ಒಂದು ಕೇಳಿ ನೋಡಿ. ಮೊದಲನೆಯದರಲ್ಲಿ ಜಾತ್ರೆಯ ಮೈದಾನದ ಆಚೆ ತುದಿಗೆ ಮುಟ್ಟಿಸುವಂತೆ ಕಂಠವನ್ನು ಎತ್ತರಿಸಿ ಹಾಡಿದ್ದಾರೆ; ಎರಡನೆಯದರಲ್ಲಿ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದು, ಮಾತನಾಡುವುದಕ್ಕಿಂತ ತುಸುವೇ ಹೆಚ್ಚಿನ ಧ್ವನಿಯಲ್ಲಿ ಹಾಡಿದ್ದಾರೆ. ಒಂದು ದಿಕ್ಕಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕುಗಳಲ್ಲಿ ಬಾಯಿ ಹತ್ತಿರವಾದಷ್ಟೂ ತಗ್ಗಿನ ಕಂಪನಗಳು ಉಬ್ಬಿ ಬರುತ್ತವೆ. ನಮ್ಮ ವೃತ್ತಿಯಲ್ಲಿ ಇದನ್ನು ಪ್ರಾಕ್ಸಿಮಿಟಿ ಎಫೆಕ್ಟ್ ಎನ್ನುತ್ತೇವೆ. ರೀವ್ಸ್ ಅವರ ಆ ‘ಮಖಮಲ್ಲಿನ ಕಂಠ’ ಎನ್ನುವುದರಲ್ಲಿ ದೇವರು ಕೊಟ್ಟ ಪಾಲು ಎಷ್ಟಿದೆಯೋ, ಅಂತರವನ್ನು ಅರಿತು ನಿಂತದ್ದರ ಪಾಲೂ ಬಹುಶಃ ಅಷ್ಟೇ ಇದೆ. ಕಂಠವನ್ನು ನೀವು ಎರವಲು ತರಲಾರಿರಿ, ನಿಲ್ಲುವ ಜಾಗವನ್ನು ತರಬಹುದು.

1959ರ ಅಕ್ಟೋಬರಿನಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿ, ಆರ್‌ಸಿಎ ರೆಕಾರ್ಡ್ ಕಂಪನಿಯ ಸ್ಟುಡಿಯೋ ಬಿ ಯಲ್ಲಿ, ಚೆಟ್ ಅಟ್ಕಿನ್ಸ್ ಅವರ ನಿರ್ಮಾಣದಲ್ಲಿ ಮುದ್ರಣಗೊಂಡ ‘ಹೀಲ್ ಹ್ಯಾವ್ ಟು ಗೋ’ ಹಾಡಿನಲ್ಲಿ ಈ ವಿದ್ಯೆ ಪೂರ್ಣವಾಗಿ ಫಲಿಸಿತು. ಜೋ ಮತ್ತು ಆಡ್ರಿ ಆಲಿಸನ್ ದಂಪತಿ ಬರೆದ ಆ ಹಾಡು ಒಂದು ಫೋನ್ ಮಾತುಕತೆ. ಆ ತುದಿಯಲ್ಲಿ ಅವಳ ಪಕ್ಕದಲ್ಲಿ ಬೇರೆ ಯಾರೋ ಇದ್ದಾನೆ, ಈ ತುದಿಯಲ್ಲಿ ಜೂಕ್‌ಬಾಕ್ಸ್ (ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ) ಸದ್ದು ಮಾಡುತ್ತಿದೆ, ಫೋನಿಗೆ ಇನ್ನಷ್ಟು ಹತ್ತಿರ ಬಾ ಎಂದು ಇವನು ಕೇಳುತ್ತಾನೆ. ಹಾಡಿನ ಸಂದರ್ಭವೇ ಬಾಯಿ ಮತ್ತು ಮೌತ್‌ಪೀಸ್‌ಗಳ ನಡುವಿನ ಅಂತರ ಎಂದ ಮೇಲೆ, ಮೈಕಿನಿಂದ ಒಂದು ಮೊಳ ದೂರ ನಿಂತು ಎದೆ ಬಿಚ್ಚಿ ಹಾಡಿದರೆ ಸ್ವರವೆಲ್ಲ ಸರಿಯಾಗಿದ್ದೂ ಹಾಡು ಸುಳ್ಳಾಗುತ್ತದೆ. ಈ ಹಾಡು ಮೊದಲು ಹೊರಬಂದದ್ದು ರೆಕಾರ್ಡಿನ ಎರಡನೆಯ ಬದಿಯಾಗಿ; ರೇಡಿಯೋದವರು ತಿರುವಿ ಹಾಕಿದ್ದರಿಂದ ಗೆದ್ದಿತು. 1960ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿ ಹದಿನಾಲ್ಕು ವಾರ ನಿಂತು, ಪಾಪ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು.

ಇದನ್ನು ನಿಮ್ಮ ಮನೆಯ ಕೋಣೆಯಲ್ಲೇ ಸಾಧಿಸಬಹುದು. ಗಾಯಕರನ್ನು ಮೈಕಿನಿಂದ ನಾಲ್ಕು ಬೆರಳಿನ ಅಂತರದಲ್ಲಿ ನಿಲ್ಲಿಸಿ, ನಡುವೆ ಪಾಪ್ ಫಿಲ್ಟರ್, ಅಂದರೆ ಬಾಯಿಯ ಗಾಳಿಯ ಹೊಡೆತ ತಡೆಯುವ ಜಾಲರಿ, ಇಡಿ. ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ ಕೆನ್ನೆಯ ಕಡೆಗೆ ಒಂದಿಷ್ಟು ಓರೆ ಮಾಡಿದರೆ ಪಕಾರ ಬಕಾರಗಳ ಗಾಳಿ ಮೈಕಿನ ಒಳಗಿನ ಪರದೆಗೆ ಹೊಡೆಯುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎಂದುಕೊಂಡು ಹಾಡಲು ಹೇಳಿ. ಇಷ್ಟು ಮೆಲ್ಲನೆ ಹಾಡಿದಾಗ ಮೈಕಿನ ಗೇನ್, ಅಂದರೆ ಸದ್ದು ಹಿಗ್ಗಿಸುವ ಮಟ್ಟ, ಏರಿಸಬೇಕಾಗುವುದರಿಂದ ಫ್ಯಾನು, ಎಸಿ, ಅಡುಗೆಮನೆಯ ಫ್ರಿಜ್ಜು ಎಲ್ಲವೂ ಹಾಡಿನೊಳಗೆ ಬಂದು ಕೂರುತ್ತವೆ. ಮುದ್ರಣದ ಹೊತ್ತಿಗೆ ಅವನ್ನು ಆರಿಸಿಬಿಡಿ. ಗಾಯಕರ ಉಸಿರನ್ನು ಮಾತ್ರ ಪೂರ್ತಿ ಕತ್ತರಿಸಬೇಡಿ. ಮೆಲುದನಿಯ ಹಾಡಿನಲ್ಲಿ ಉಸಿರೂ ಸಾಹಿತ್ಯದ ಭಾಗವೇ.

ಇನ್ನು ಶ್ರುತಿಯ ವಿಷಯ. ರೀವ್ಸ್ ಅವರ ಮಂದ್ರಕ್ಕೆ ಇಳಿಯಬಲ್ಲವರು ಸಾವಿರಕ್ಕೆ ಒಬ್ಬರು, ಆದ್ದರಿಂದ ಪ್ರತಿ ಹಾಡಿನ ಅತ್ಯಂತ ತಗ್ಗಿನ ಸ್ವರವನ್ನು ಮೊದಲು ಗುರುತಿಸಿ, ಅದು ನಿಮ್ಮ ಗಾಯಕರಿಗೆ ಬೆಳಗಿನ ಗಂಟಲಿನಲ್ಲಲ್ಲದೆ ಸಂಜೆಯ ಗಂಟಲಿನಲ್ಲೂ ದಕ್ಕುವಂತೆ ಶ್ರುತಿಯನ್ನು ನಿಗದಿ ಮಾಡಿ. ಬೆಳಗ್ಗೆ ಎದ್ದ ಕೂಡಲೆ ಎಲ್ಲರೂ ಜಿಮ್ ರೀವ್ಸ್ ಆಗಿರುತ್ತಾರೆ, ಮಧ್ಯಾಹ್ನದ ಊಟದ ಹೊತ್ತಿಗೆ ಆ ಭ್ರಮೆ ಹರಿಯುತ್ತದೆ. ವಾದ್ಯದವರಿಗೆ ಇದರಿಂದ ತೊಂದರೆಯಾಗದಿರಲು ನ್ಯಾಶ್‌ವಿಲ್‌ನವರದೇ ಒಂದು ಉಪಾಯವಿದೆ. 1950ರ ದಶಕದ ಕೊನೆಗೆ ಜಾರ್ಡನೇರ್ಸ್ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಆರಂಭಿಸಿ, ಚಾರ್ಲಿ ಮೆಕಾಯ್ ಮುಂತಾದ ವಾದಕರು ಬೆಳೆಸಿದ ನಂಬರ್ ಪದ್ಧತಿಯಲ್ಲಿ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಹೆಸರಿನಿಂದ ಬರೆಯದೆ ಒಂದು, ನಾಲ್ಕು, ಐದು ಎಂದು ಅಂಕಿಯಲ್ಲಿ ಬರೆಯುತ್ತಾರೆ. ಶ್ರುತಿ ಯಾವುದಾದರೂ ಹಾಳೆ ಒಂದೇ. ಷಡ್ಜ ಎಲ್ಲಿದ್ದರೂ ಸರಿಗಮ ಬದಲಾಗದ ನಮ್ಮ ಪದ್ಧತಿಯಲ್ಲಿ ಬೆಳೆದವರಿಗೆ ಇದನ್ನು ಎರಡನೆಯ ಸಲ ವಿವರಿಸಬೇಕಾಗಿಲ್ಲ.

ವಾದ್ಯಗಳ ಆಯ್ಕೆಯಲ್ಲಿ ನಿಮ್ಮ ಗೆಳೆಯರನ್ನು ಸ್ವಲ್ಪ ತಡೆಯಬೇಕಾಗಬಹುದು. ಟೆಕ್ಸಾಸ್‌ನಲ್ಲಿ ಕುಳಿತು ಕಂಟ್ರಿ ಸಂಗೀತ ಎಂದ ಕೂಡಲೆ ಫಿಡ್ಲೂ ಸ್ಟೀಲ್ ಗಿಟಾರೂ ಬರಲೇಬೇಕು ಎನಿಸುವುದು ಸಹಜ. ಆದರೆ ‘ನ್ಯಾಶ್‌ವಿಲ್ ಸೌಂಡ್’ ಎಂದು ಹೆಸರಾದ ಶೈಲಿ ಹುಟ್ಟಿದ್ದೇ ಇವೆರಡನ್ನೂ ಹಿಂದಕ್ಕೆ ಸರಿಸಿ ಆ ಜಾಗಕ್ಕೆ ಪಿಯಾನೋ, ಮೆಲುವಾದ ಕೋರಸ್, ಮುಂದೆ ತಂತಿವಾದ್ಯಗಳ ಮೇಳ ಇವುಗಳನ್ನು ತಂದದ್ದರಿಂದ, ಮತ್ತು ರೀವ್ಸ್ ಆ ಶೈಲಿಯ ಪ್ರಮುಖರಲ್ಲಿ ಒಬ್ಬರು. ‘ಹೀಲ್ ಹ್ಯಾವ್ ಟು ಗೋ’ ಹಾಡಿನಲ್ಲಿ ಫ್ಲಾಯ್ಡ್ ಕ್ರೇಮರ್ ಪಿಯಾನೋ, ಮಾರ್ವಿನ್ ಹ್ಯೂಸ್ ವೈಬ್ರಫೋನ್, ಬಾಬ್ ಮೂರ್ ಬೇಸ್, ಹ್ಯಾಂಕ್ ಗಾರ್ಲೆಂಡ್ ಗಿಟಾರ್, ಬಡ್ಡಿ ಹಾರ್ಮನ್ ಡ್ರಮ್ಸ್ ನುಡಿಸಿದ್ದಾರೆ. ಇವರೊಂದಿಗೆ ಅನಿತಾ ಕೆರ್ ಗಾಯನ ತಂಡವೂ ಇತ್ತು. ಇಷ್ಟು ಜನ ಇದ್ದೂ ಗಾಯಕರ ಸುತ್ತ ಎಷ್ಟು ಖಾಲಿ ಜಾಗ ಬಿಟ್ಟಿದ್ದಾರೆ ಎಂಬುದನ್ನು ಹೆಡ್‌ಫೋನ್ ಹಾಕಿ ಕೇಳಿ. ಆಗಿನ ಮುದ್ರಣದಲ್ಲಿ ಇದ್ದದ್ದು ಎರಡೋ ಮೂರೋ ಟ್ರ್ಯಾಕ್, ಅಂದರೆ ಸದ್ದನ್ನು ಬೇರೆ ಬೇರೆಯಾಗಿ ಹಿಡಿದಿಡುವ ಪಟ್ಟಿಗಳು. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಬೇಕಿತ್ತು, ಮೂರು ಗಂಟೆಯ ಒಂದು ಸೆಷನ್‌ನಲ್ಲಿ ಮೂರು ನಾಲ್ಕು ಹಾಡು ಮುಗಿಸಬೇಕಿತ್ತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೂರು ಟ್ರ್ಯಾಕ್ ಇರಬಹುದು, ಆದರೂ ರಿದಮ್ ವಾದ್ಯಗಳನ್ನೂ ಗಾಯಕರನ್ನೂ ಒಟ್ಟಿಗೆ ಕೂರಿಸಿಯೇ ಮುದ್ರಿಸಿ. ಮೆಟ್ರೊನೋಮ್‌ಗೆ ಕಟ್ಟಿ ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆದರೆ, ಸಾಲಿನ ಕೊನೆಯಲ್ಲಿ ಗಾಯಕರು ಒಂದು ಗಳಿಗೆ ತಡೆದಾಗ ಪಿಯಾನೋದವರೂ ತಡೆಯುವ ಆ ಸೂಕ್ಷ್ಮ ಹುಟ್ಟುವುದಿಲ್ಲ.

ಹಾಡುಗಳ ಆಯ್ಕೆ ನಿಮಗೆ ಬಿಟ್ಟದ್ದು, ಆದರೆ ಹನ್ನೆರಡೂ ಜನಪ್ರಿಯ ಹಾಡುಗಳೇ ಆದರೆ ಅದು ಗಣೇಶೋತ್ಸವದ ಆರ್ಕೆಸ್ಟ್ರಾ ಆಗುತ್ತದೆ. ಟ್ರಿಬ್ಯೂಟ್ ಎನ್ನಿಸಿಕೊಳ್ಳಲು ಏನಾದರೂ ಒಂದು ನೋಟ ಬೇಕು. ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್ 1969ರಲ್ಲಿ ತಮಗಿಂತ ಹಿಂದಿನ ಗಾಯಕ ಜಿಮ್ಮಿ ರಾಜರ್ಸ್ ಹಾಡುಗಳ ಜೋಡಿ ಆಲ್ಬಂ ಮಾಡಿದಾಗ ಹಾಡುಗಳ ನಡುವೆ ರಾಜರ್ಸ್ ಕುರಿತು ತಾವೇ ಮಾತನಾಡಿದರು. ಮುಂದಿನ ವರ್ಷ ಫಿಡ್ಲು ವಾದಕ ಬಾಬ್ ವಿಲ್ಸ್ ಅವರಿಗಾಗಿ ಆಲ್ಬಂ ಮಾಡುವಾಗ ತಾವು ಫಿಡ್ಲು ಕಲಿತು, ವಿಲ್ಸ್ ಅವರ ಟೆಕ್ಸಾಸ್ ಪ್ಲೇಬಾಯ್ಸ್ ತಂಡದ ಹಳೆಯ ವಾದಕರನ್ನು ಹುಡುಕಿ ಕರೆತಂದು ಜೊತೆಗೆ ಕೂರಿಸಿಕೊಂಡರು. 2001ರಲ್ಲಿ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ನೆನಪಿಗೆ ಬಂದ ‘ಟೈಮ್‌ಲೆಸ್’ ಇನ್ನೊಂದು ದಾರಿ ಹಿಡಿದು ಹಾಡಿಗೊಬ್ಬ ಕಲಾವಿದರನ್ನು ಕರೆಯಿತು. ಬ್ಲೂಸ್ ಗಾಯಕ ಕೆಬ್ ಮೋ ತಮ್ಮ ದಾರಿಯಲ್ಲಿ ಹಾಡಿದರು, ಜಾನಿ ಕ್ಯಾಶ್ ತಮ್ಮ ದಾರಿಯಲ್ಲಿ, ಯಾರೂ ಹ್ಯಾಂಕ್ ಅವರಂತೆ ಮೂಗಿನಲ್ಲಿ ಹಾಡಲು ಹೋಗಲಿಲ್ಲ. ಅದಕ್ಕೆ ಕಂಟ್ರಿ ಆಲ್ಬಂ ವಿಭಾಗದ ಗ್ರ್ಯಾಮಿ ದೊರೆಯಿತು. ನೀವು ಐವರೇ ಇರುವುದರಿಂದ ಹ್ಯಾಗರ್ಡ್ ದಾರಿ ಹೆಚ್ಚು ಒಪ್ಪುತ್ತದೆ.

ನಾನಾದರೆ ಏನು ಮಾಡುತ್ತಿದ್ದೆ ಎಂಬುದಕ್ಕೆ ಒಂದು ಹಾಡನ್ನು ತೋರಿಸುತ್ತೇನೆ. ಸಿಂಡಿ ವಾಕರ್ ಬರೆದ ‘ಡಿಸ್ಟೆಂಟ್ ಡ್ರಮ್ಸ್’ ಹಾಡನ್ನು ರೀವ್ಸ್ ಹಾಡಿಟ್ಟದ್ದು ಬಿಡುಗಡೆಗೆಂದು ಅಲ್ಲ, ಮಾದರಿಗೆಂದು, ಅಂದರೆ ಡೆಮೊ ಆಗಿ. 1964ರ ಜುಲೈ 31ರಂದು, ತಾವೇ ನಡೆಸುತ್ತಿದ್ದ ಪುಟ್ಟ ವಿಮಾನ ನ್ಯಾಶ್‌ವಿಲ್ ಬಳಿ ಬಿರುಗಾಳಿ ಮಳೆಗೆ ಸಿಕ್ಕಿ ಬಿದ್ದು ಅವರು ತೀರಿಕೊಂಡ ಮೇಲೆ, ಆ ಧ್ವನಿಗೆ ವಾದ್ಯಮೇಳವನ್ನು ಜೋಡಿಸಿ 1966ರಲ್ಲಿ ಬಿಡುಗಡೆ ಮಾಡಿದರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಐದು ವಾರ ಮೊದಲ ಸ್ಥಾನದಲ್ಲಿತ್ತು. ಈಗ ನೀವು ಮತ್ತೆ ಅದೇ ಮೇಳವನ್ನು ಕೀಬೋರ್ಡಿನಲ್ಲಿ ನಕಲು ಮಾಡಿದರೆ, ಅವರು ಕೇಳಿಯೇ ಇರದ ವಾದ್ಯಗಳಿಗೆ ಗೌರವ ಸಲ್ಲಿಸಿದಂತಾಗುತ್ತದೆ. ಮೇಳವನ್ನೆಲ್ಲ ಕಿತ್ತು, ಒಂದು ಗಿಟಾರು ಒಂದು ಕಂಠ ಇಷ್ಟರಲ್ಲೇ ಹಾಡಿ. ದೂರದ ಯುದ್ಧಕ್ಕೆ ಕರೆ ಬರುವ ಮೊದಲು ಮದುವೆಯಾಗೋಣ ಎನ್ನುವ ಆ ಮಾತಿಗೆ ಡ್ರಮ್ಮಿನ ಸದ್ದನ್ನೂ ಕೇಳುಗರ ಊಹೆಗೇ ಬಿಡಬಹುದು. ‘ಮೆಕ್ಸಿಕನ್ ಜೋ’ ಹಾಡನ್ನು ಮಾತ್ರ ಯೋಚಿಸಿ ಸೇರಿಸಿ. ಅದರಲ್ಲಿ ಮೆಕ್ಸಿಕೋದವರನ್ನು ಚಿತ್ರಿಸಿದ ಬಗೆ ಇಂದಿನ ಟೆಕ್ಸಾಸ್‌ನಲ್ಲಿ ಹಾಡುವುದಕ್ಕೆ ಹಿತವೆನಿಸಲಿಕ್ಕಿಲ್ಲ.

ಅನುಮತಿಗೆ ಬರೋಣ. ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ: ಸಾಹಿತ್ಯ ಮತ್ತು ರಾಗದ ಹಕ್ಕು ಬರೆದವರದು ಮತ್ತು ಅವರ ಪ್ರಕಾಶಕರದು, ಧ್ವನಿಮುದ್ರಿಕೆಯ ಹಕ್ಕು ಕಂಪನಿಯದು, ರೀವ್ಸ್ ಅವರ ಆರ್‌ಸಿಎ ಮುದ್ರಿಕೆಗಳ ಮಟ್ಟಿಗೆ ಈಗ ಸೋನಿ ಮ್ಯೂಸಿಕ್‌ನದು. ನೀವು ಹೊಸದಾಗಿ ಹಾಡುವುದರಿಂದ ಎರಡನೆಯದರ ತಂಟೆಗೆ ಹೋಗುವುದಿಲ್ಲ. ಮೊದಲನೆಯದಕ್ಕೆ ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯ 115ನೆಯ ಸೆಕ್ಷನ್ ಸುಲಭದ ದಾರಿ ಕೊಟ್ಟಿದೆ. ಹಕ್ಕುದಾರರ ಒಪ್ಪಿಗೆಯಿಂದ ಒಮ್ಮೆ ಮುದ್ರಿತವಾಗಿ ಜನರಿಗೆ ತಲುಪಿದ ಹಾಡನ್ನು, ನಿಗದಿತ ನೋಟಿಸ್ ಕೊಟ್ಟು ಕಾನೂನು ಗೊತ್ತುಪಡಿಸಿದ ದರ ತೆತ್ತು ಯಾರು ಬೇಕಾದರೂ ಮತ್ತೆ ಮುದ್ರಿಸಬಹುದು. ಇದೇ ಮೆಕ್ಯಾನಿಕಲ್ ಲೈಸೆನ್ಸ್. 2006ರಿಂದ 9.1 ಸೆಂಟ್ ಇದ್ದ ದರ 2023ರಲ್ಲಿ, ಐದು ನಿಮಿಷದೊಳಗಿನ ಹಾಡಿಗೆ ಪ್ರತಿಯೊಂದಕ್ಕೆ 12 ಸೆಂಟ್ ಆಯಿತು, ಆಮೇಲೆ ಹಣದುಬ್ಬರಕ್ಕೆ ತಕ್ಕಂತೆ ಏರುತ್ತಿದೆ. 12 ಸೆಂಟ್ ಲೆಕ್ಕ ಹಿಡಿದರೂ ಹನ್ನೆರಡು ಹಾಡಿನ 500 ಸಿಡಿಗಳಿಗೆ 720 ಡಾಲರ್ ಆಗುತ್ತದೆ. ಸ್ಟ್ರೀಮಿಂಗ್ ಸೇವೆಗಳು 2021ರಿಂದ ಅಮೆರಿಕದಲ್ಲಿ ಈ ಹಣವನ್ನು ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್ ಎಂಬ ಸಂಸ್ಥೆಗೆ ತಾವೇ ಕಟ್ಟುತ್ತವೆ. ಹಾಡಿಗೆ ವಿಡಿಯೋ ಮಾಡುವುದಾದರೆ ಈ ಮೆಕ್ಯಾನಿಕಲ್ ಲೈಸೆನ್ಸ್ ಸಾಲದು, ಪ್ರಕಾಶಕರನ್ನೇ ಕೇಳಬೇಕು.

ಊರಿಗೆ ಬಂದು ಇಲ್ಲಿಯೂ ಸಿಡಿ ಬಿಡುಗಡೆ ಮಾಡುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಭಾರತದ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಸೆಕ್ಷನ್ ಕವರ್ ಹಾಡುಗಳಿಗೆ, ಅಂದರೆ ಈಗಾಗಲೇ ಬಂದ ಹಾಡಿನ ಮರುಗಾಯನಕ್ಕೆ, ಶಾಸನಬದ್ಧ ಲೈಸೆನ್ಸ್ ಕೊಡುತ್ತದೆ, ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ತೆರಬೇಕು. ಅಷ್ಟೇ ಅಲ್ಲ, ಮೊದಲು ಹಾಡಿದವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಹೊದಿಕೆಯ ಮೇಲೆ ಹಾಕುವಂತಿಲ್ಲ. ರೀವ್ಸ್ ಹೆಸರನ್ನೇ ಹೇಳದ ರೀವ್ಸ್ ಟ್ರಿಬ್ಯೂಟ್ ಯಾರಿಗೆ ಬೇಕು? ಇಲ್ಲಿನ ಮಟ್ಟಿಗೆ ಹಕ್ಕುದಾರರೊಂದಿಗೆ ನೇರ ಒಪ್ಪಂದವೇ ದಾರಿ. ಅಮೆರಿಕದಲ್ಲಿಯೂ ರೀವ್ಸ್ ಅವರ ಫೋಟೋ ಮುಖಪುಟದಲ್ಲಿ ಬೇಕೆಂದರೆ ವಾರಸುದಾರರ ಮತ್ತು ಛಾಯಾಚಿತ್ರದ ಹಕ್ಕುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಾನಾಗಿದ್ದರೆ ತಂದೆಯವರ ರೆಕಾರ್ಡ್ ಪ್ಲೇಯರಿನ ಚಿತ್ರ ಹಾಕುತ್ತಿದ್ದೆ.

ಕನ್ನಡಕ್ಕೆ ತರುವ ಆಸೆ ನನಗೂ ಇಷ್ಟವಾಯಿತು, ಆದರೆ 115ನೆಯ ಸೆಕ್ಷನ್ ಅನುವಾದಕ್ಕೆ ಅವಕಾಶ ಕೊಡುವುದಿಲ್ಲ. ಹಾಡಿನ ಮೂಲ ಸ್ವರೂಪ ಬದಲಾದರೆ ಪ್ರಕಾಶಕರ ಪ್ರತ್ಯೇಕ ಒಪ್ಪಿಗೆ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಇದಕ್ಕೊಂದು ಪರಿಹಾರವಿದೆ. ರೀವ್ಸ್ ಹಾಡಿದ ಕೆಲವು ಹಾಡುಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ: ಸೆಪ್ಟಿಮಸ್ ವಿನ್ನರ್ 1868ರಲ್ಲಿ ರಚಿಸಿದ ‘ವಿಸ್ಪರಿಂಗ್ ಹೋಪ್’ ಅಂಥದೊಂದು, 1818ರಲ್ಲಿ ಆಸ್ಟ್ರಿಯಾದಲ್ಲಿ ಮೊದಲು ಹಾಡಲಾದ ‘ಸೈಲೆಂಟ್ ನೈಟ್’ ಇನ್ನೊಂದು, ಇದು ಅವರ 1963ರ ಕ್ರಿಸ್‌ಮಸ್ ಆಲ್ಬಂನಲ್ಲಿದೆ. ಇವುಗಳ ಮೂಲ ಸಾಹಿತ್ಯದಿಂದ ನೀವೇ ಹೊಸದಾಗಿ ಅನುವಾದಿಸಿಕೊಳ್ಳಿ, ಬೇರೆಯವರ ಅನುವಾದವನ್ನು ಎತ್ತಿಕೊಳ್ಳಬೇಡಿ. ಪರಭಾಷೆಯಲ್ಲಿ ಹಾಡುವುದು ರೀವ್ಸ್ ಅವರಿಗೆ ಅಪಚಾರವೂ ಅಲ್ಲ, ದಕ್ಷಿಣ ಆಫ್ರಿಕಾದ ಅಭಿಮಾನಿಗಳಿಗಾಗಿ ಅವರೇ ಆಫ್ರಿಕಾನ್ಸ್ ಭಾಷೆಯಲ್ಲಿ ಹಾಡಿದ್ದಾರೆ.

ಅನುವಾದ ಮಾಡುವಾಗ ಅರ್ಥಕ್ಕಿಂತ ಮೊದಲು ಸಾಲಿನ ಕೊನೆಯ ಸ್ವರಾಕ್ಷರವನ್ನು ನೋಡಿ. ‘ಗೋ’ ಎಂಬ ಪದದಲ್ಲಿ ಓಕಾರ ತೆರೆದುಕೊಂಡಿರುತ್ತದೆ, ಅದನ್ನು ಮಂದ್ರದಲ್ಲಿ ಎಷ್ಟು ಹೊತ್ತಾದರೂ ಹಿಡಿದು ನಿಲ್ಲಿಸಬಹುದು. ಅದೇ ಅರ್ಥದ ನಮ್ಮ ‘ಹೋಗು’ ಹ್ರಸ್ವ ಉಕಾರದಲ್ಲಿ ಮುಗಿಯುತ್ತದೆ, ತುಟಿ ಮುಚ್ಚುತ್ತದೆ, ನಾದ ಅಲ್ಲೇ ಸೊರಗುತ್ತದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಸಾಲುಸಾಲಿಗೂ ಇದೇ ಕಷ್ಟ ಎದುರಾಗುತ್ತದೆ. ಪದಗಳ ಕ್ರಮವನ್ನು ತಿರುಗಿಸಿ, ನೀಳ ಸ್ವರವು ‘ಇರುಳಾ’, ‘ಬಾರೋ’ ಎಂಬಂತಹ ತೆರೆದ ದೀರ್ಘದ ಮೇಲೆ ಬೀಳುವಂತೆ ನೋಡಿಕೊಳ್ಳಿ. ಭಾವಗೀತೆ ಹಾಡಿ ರೂಢಿಯಿರುವವರು ತಂಡದಲ್ಲಿದ್ದರೆ ಅವರ ಕೈಗೆ ಈ ಕೆಲಸ ಕೊಡಿ.

ಎಐ ಯುಗಳ ಗೀತೆ ಬೇಡ. ಸತ್ತವರ ಧ್ವನಿಯ ಜೊತೆ ಹೊಸ ಹಾಡು ಕಟ್ಟುವುದು ಹೊಸ ಸಂಗತಿಯೇನಲ್ಲ: 1963ರಲ್ಲಿ ವಿಮಾನಾಪಘಾತದಲ್ಲೇ ತೀರಿಕೊಂಡ ಪ್ಯಾಟ್ಸಿ ಕ್ಲೈನ್ ಮತ್ತು ರೀವ್ಸ್ ಬದುಕಿದ್ದಾಗ ಒಟ್ಟಿಗೆ ಮುದ್ರಣ ಮಾಡಿರಲಿಲ್ಲ, ಆದರೂ ಹಳೆಯ ಟೇಪುಗಳಿಂದ ಇಬ್ಬರ ಧ್ವನಿಗಳನ್ನು ಬಿಡಿಸಿ, ಹೊಸ ವಾದ್ಯ ಸೇರಿಸಿ 1981ರಲ್ಲಿ ಅವರ ಯುಗಳ ಗೀತೆಯನ್ನು ಹೊರತಂದರು. ಟೇಪುಗಳ ಹಕ್ಕುದಾರರ ಒಪ್ಪಿಗೆಯಿಂದ ಮಾಡಿದ ಕೆಲಸ ಅದು. ನಿಮ್ಮ ಕೈಯಲ್ಲಿ ಆ ಹಕ್ಕಿಲ್ಲ. 1957ರಿಂದ 1972ರ ಫೆಬ್ರವರಿವರೆಗಿನ ಮುದ್ರಿಕೆಗಳಿಗೆ 2018ರ ಕಾಯ್ದೆಯಂತೆ ಅಮೆರಿಕದಲ್ಲಿ 2067ರವರೆಗೆ ರಕ್ಷಣೆಯಿದೆ. ಧ್ವನಿಯನ್ನು ಎಐನಿಂದ ನಕಲು ಮಾಡುವುದನ್ನು ತಡೆಯಲೆಂದೇ ಟೆನೆಸ್ಸಿ ರಾಜ್ಯದಲ್ಲಿ ಎಲ್ವಿಸ್ ಆಕ್ಟ್ ಎಂಬ ಕಾಯ್ದೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಕಾನೂನಿನ ಮಾತು ಹಾಗಿರಲಿ. ಯಂತ್ರ ಕಟ್ಟಿದ ಆ ಧ್ವನಿಯ ಪಕ್ಕದಲ್ಲಿ ನಿಮ್ಮ ಗಾಯಕರು ಮತ್ತೆ ಅನುಕರಣೆಗೇ ಇಳಿಯುತ್ತಾರೆ.

ಆಲ್ಬಂ ಹೊರತರುವಾಗ ಕಲಾವಿದರ ಜಾಗದಲ್ಲಿ ನಿಮ್ಮ ತಂಡದ ಹೆಸರು, ರಚನೆಕಾರರ ಜಾಗದಲ್ಲಿ ಆಲಿಸನ್ ದಂಪತಿ, ಸಿಂಡಿ ವಾಕರ್ ಮುಂತಾದವರ ಹೆಸರು ಸರಿಯಾದ ಕಾಗುಣಿತದಲ್ಲಿ ಇರಲಿ; ರಾಯಧನ ತಲುಪುವುದು ಆ ಹೆಸರುಗಳ ಮೂಲಕವೇ. ಲೈಸೆನ್ಸಿನ ಪತ್ರಗಳನ್ನು ಈ ವಾರವೇ ಕಳುಹಿಸಿಬಿಡಿ. ಉತ್ತರ ಬರುವಷ್ಟರಲ್ಲಿ ಒಂದು ಭಾನುವಾರ ಪೂರ್ವಕ್ಕೆ ಕಾರು ಓಡಿಸಿದರೆ ಕಾರ್ತೇಜ್ ಊರಿನ ಹತ್ತಿರ ರೀವ್ಸ್ ಅವರ ಸಮಾಧಿಯೂ ಪ್ರತಿಮೆಯೂ ಸಿಗುತ್ತವೆ. ಹೋಗುವ ದಾರಿಯಲ್ಲಿ ‘ಫೋರ್ ವಾಲ್ಸ್’ ಹಾಡನ್ನು ಪಕ್ಕದ ಸೀಟಿನವರಿಗಷ್ಟೇ ಕೇಳಿಸುವಂತೆ ಹಾಡಿ ಅಭ್ಯಾಸ ಮಾಡಿ.